‘ಈಗ ಯಾಕೆ?’ ಎಂದವರಿಗೆ ಉತ್ತರ ಕೊಡಿ

ಅವಧಿಗೆ ಮುನ್ನ ಚುನಾವಣೆ ಘೋಷಣೆಯಾದರೆ ಟೀವಿಯಲ್ಲಿ ಕೂತವರು ಕೇಳುವುದು ‘ಯಾರು ಗೆಲ್ಲುತ್ತಾರೆ?’ ಎಂದು. ಬೀದಿಯಲ್ಲಿ ನಿಂತವರು ಕೇಳುವುದು ‘ಈಗ ಯಾಕೆ?’ ಎಂದು. ಎರಡನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ನೆಟ್ಟಗೆ ಉತ್ತರ ಕೊಡಲಾಗದವರಿಗೆ ಚುನಾವಣೆಯ ದಿನ ಗೊತ್ತುಮಾಡುವ ಅಧಿಕಾರ ಇರಬಾರದು. ಸಾಗರ ತಾಲ್ಲೂಕಿನಿಂದ ಬಂದು ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ಕೇರ್ ಹೋಂನಲ್ಲಿ ನರ್ಸ್ ಆಗಿ ದುಡಿಯುತ್ತಿರುವ ನಾನು ಈ ಮಾತನ್ನು ಕಂಡು ಅನುಭವಿಸಿ ಹೇಳುತ್ತಿದ್ದೇನೆ.

2017ರ ಏಪ್ರಿಲ್ 18, ಈಸ್ಟರ್ ರಜೆ ಮುಗಿದ ಮಾರನೆಯ ದಿನ. ಪ್ರಧಾನಿ ಥೆರೆಸಾ ಮೇ ತಮ್ಮ ಅಧಿಕೃತ ನಿವಾಸದ ಬಾಗಿಲ ಮುಂದೆ ನಿಂತು, ಜೂನ್ 8ಕ್ಕೆ ಮಹಾಚುನಾವಣೆ ನಡೆಸುವುದಾಗಿ ಹೇಳಿದರು. ಸಂಸತ್ತಿಗೆ ಇನ್ನೂ ಮೂರು ವರ್ಷ ಆಯುಸ್ಸಿತ್ತು. 2020ಕ್ಕೆ ಮೊದಲು ಚುನಾವಣೆ ಇಲ್ಲ ಎಂದು ಅವರೇ ಮತ್ತೆ ಮತ್ತೆ ಹೇಳಿದ್ದರು. ಆ ದಿನ ಬ್ರಿಸ್ಟಲ್‌ನ ಬೀದಿಯಲ್ಲಿ ಬಿಬಿಸಿ ವರದಿಗಾರರೊಬ್ಬರು ಹಿರಿಯ ಹೆಂಗಸೊಬ್ಬರಿಗೆ ಈ ಸುದ್ದಿ ಮುಟ್ಟಿಸಿದರು. ಮತ್ತೊಂದು ಚುನಾವಣೆಯೇ ಎಂದು ಅವರು ಬೇಸತ್ತು ಕೂಗಿದ್ದು ದೇಶದ ತುಂಬಾ ಹರಡಿತು. ಎಷ್ಟೋ ಜನ ಅದನ್ನು ತಮಾಷೆಯೆಂದು ನೋಡಿದರು. ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಅಂಥ ಅಜ್ಜಿಯಂದಿರ ನಡುವೆಯೇ ನನ್ನ ಕೆಲಸ. ಅವರಾಡಿದ್ದು ರಾಜಕೀಯದ ಗೊಡವೆ ಬೇಡವೆಂಬ ಮಾತಲ್ಲ, ಲೆಕ್ಕವಿಟ್ಟುಕೊಂಡವರ ಮಾತು.

ಆ ಲೆಕ್ಕ ಹೀಗಿದೆ. 2015ರ ಮೇ ತಿಂಗಳಲ್ಲಿ ಮಹಾಚುನಾವಣೆ. 2016ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಮೇಯರ್ ಮತ್ತು ನಗರಸಭೆಗೆ ಮತದಾನ. ಅದೇ ವರ್ಷ ಜೂನ್ 23ಕ್ಕೆ ಯುರೋಪಿಯನ್ ಒಕ್ಕೂಟ ಬಿಡಬೇಕೇ ಬೇಡವೇ ಎಂಬ ಜನಮತಗಣನೆ. 2017ರ ಮೇ 4ಕ್ಕೆ ಸುತ್ತಲಿನ ಪ್ರದೇಶಕ್ಕೆಲ್ಲ ಸೇರಿ ಹೊಸದಾಗಿ ಸೃಷ್ಟಿಯಾದ ಮೇಯರ್ ಹುದ್ದೆಗೆ ಚುನಾವಣೆ. ಅದಾಗಿ ಐದು ವಾರಕ್ಕೆ ಈ ದಿಢೀರ್ ಚುನಾವಣೆ. ಎರಡು ವರ್ಷ ಮತ್ತು ಒಂದು ತಿಂಗಳಲ್ಲಿ ಐದು ಬಾರಿ. ಜನಮತಗಣನೆಯಂತೂ ಊಟದ ಮೇಜಿನ ಮುಂದೆ ಅಣ್ಣ ತಮ್ಮಂದಿರ ಮಾತು ಬಿಡಿಸಿತ್ತು. ಆ ಗಾಯ ಮಾಯುವ ಮೊದಲೇ ಮತ್ತೆ ಬಣ ಕಟ್ಟಿ ಎಂದರೆ ಜನ ಬೇಸರಿಸಿಕೊಳ್ಳದೆ ಇನ್ನೇನು ಮಾಡಬೇಕು?

ಪ್ರಧಾನಿ ಕೊಟ್ಟ ಕಾರಣ, ಯುರೋಪಿನೊಂದಿಗೆ ಮಾತುಕತೆಗೆ ಕೂರಲು ತಮಗೆ ಬಲವಾದ ಬಹುಮತ ಬೇಕು ಎಂಬುದು. ಆದರೆ ಬಹುಮತ ಅವರಿಗೆ ಇದ್ದೇ ಇತ್ತು. ಮಾತುಕತೆ ಆರಂಭಿಸಲು ಸಂಸತ್ತು ಒಪ್ಪಿಗೆಯನ್ನೂ ಕೊಟ್ಟಾಗಿತ್ತು. ಸಮೀಕ್ಷೆಗಳಲ್ಲಿ ಅವರ ಪಕ್ಷ ಲೇಬರ್ ಪಕ್ಷಕ್ಕಿಂತ ಸುಮಾರು ಇಪ್ಪತ್ತು ಅಂಶ ಮುಂದಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದುದನ್ನು ಎಲ್ಲರೂ ಓದಿದ್ದರು. ಆಗ ಜಾರಿಯಲ್ಲಿದ್ದ 2011ರ ನಿಗದಿತ ಅವಧಿ ಕಾಯ್ದೆಯ ಪ್ರಕಾರ ಅವಧಿಗೆ ಮುನ್ನ ಚುನಾವಣೆ ಬೇಕಾದರೆ ಸದನದ ಮೂರನೇ ಎರಡು ಭಾಗದ ಬೆಂಬಲ ಬೇಕಿತ್ತು. ಮರುದಿನವೇ 522 ಮತ ಪರವಾಗಿ, 13 ಮತ ವಿರುದ್ಧವಾಗಿ ಬಿದ್ದವು. ಚುನಾವಣೆಗೆ ಹೆದರಿದರು ಎನ್ನಿಸಿಕೊಳ್ಳಲು ವಿರೋಧ ಪಕ್ಷದವರಿಗೂ ಮನಸ್ಸಿರಲಿಲ್ಲ. ಕಾಯ್ದೆ ಹಾಕಿದ್ದ ಬೇಲಿ ಒಂದೇ ದಿನದಲ್ಲಿ ಮುರಿದುಬಿತ್ತು.

ಏಳು ವಾರದಲ್ಲಿ ಚುನಾವಣೆ ಎಂದರೆ ಒಂದು ಕೇರ್ ಹೋಂನಲ್ಲಿ ಏನೇನಾಗುತ್ತದೆ ಎಂಬುದು ಲಂಡನ್ನಿನ ಸ್ಟುಡಿಯೋಗಳಿಗೆ ತಿಳಿಯುವುದಿಲ್ಲ. ನಮ್ಮಲ್ಲಿರುವ ಬಹಳಷ್ಟು ಜನ ಮತಗಟ್ಟೆಗೆ ಹೋಗಲಾರರು, ಅಂಚೆ ಮತವೇ ಗತಿ. ಅದಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಮಾಡಿದ ಸಹಿಗೂ ಮತದ ಜೊತೆ ಕಳಿಸುವ ಸಹಿಗೂ ತಾಳೆಯಾಗಬೇಕು. ಕೈ ನಡುಗುವವರ ಸಹಿ ಬೆಳಿಗ್ಗೆ ಒಂದು ರೀತಿ, ಸಂಜೆ ಒಂದು ರೀತಿ. ಸಹಿಯಿಂದ ವಿನಾಯಿತಿ ಪಡೆಯಲು ಅವಕಾಶವಿದೆ, ಅದಕ್ಕೂ ಅರ್ಜಿಯೇ. ಮರೆವಿನ ಕಾಯಿಲೆ ಬಂದ ಮಾತ್ರಕ್ಕೆ ಇಲ್ಲಿ ಯಾರ ಮತದಾನದ ಹಕ್ಕೂ ಹೋಗುವುದಿಲ್ಲ. ಆದರೆ ಯಾರಿಗೆ ಮತ ಎಂಬ ನಿರ್ಧಾರ ಅವರದೇ ಆಗಿರಬೇಕು. ಮಕ್ಕಳಾಗಲಿ ನರ್ಸ್ ಆಗಲಿ ಅವರ ಪರವಾಗಿ ನಿರ್ಧರಿಸುವಂತಿಲ್ಲ. ಆದ್ದರಿಂದ ಅವರ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿಕೊಂಡು, ಪಕ್ಕದಲ್ಲಿ ಕೂತು, ಚುನಾವಣೆ ಬಂದಿದೆ ಎಂದು ನಿಧಾನವಾಗಿ ಹೇಳಬೇಕು. ಅವಸರದಲ್ಲಿ ಆಗುವ ಕೆಲಸವಲ್ಲ ಅದು. ಹೊಸದಾಗಿ ಬಂದವರ ವಿಳಾಸ ಬದಲಾಗಿರುತ್ತದೆ, ಹೆಸರು ನೋಂದಾಯಿಸಲು ಮೇ 22 ಕೊನೆಯ ದಿನ, ಅಂಚೆ ಮತದ ಅರ್ಜಿಗೆ ಮೇ 23. ಔಷಧಿ, ಊಟ, ಸ್ನಾನದ ನಡುವೆ ಇದೆಲ್ಲ ಮುಗಿಯಬೇಕಿತ್ತು. ಅಷ್ಟು ಮಾಡಿದರೂ ಮತ ಹಾಕಬೇಕೆಂದು ಆಸೆಪಟ್ಟ ಕೆಲವರ ಅರ್ಜಿ ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ಜೀವನವಿಡೀ ಒಂದು ಮತವನ್ನೂ ತಪ್ಪಿಸದವರು ಅವರಲ್ಲಿದ್ದರು.

ಅವಸರ ಪ್ರಣಾಳಿಕೆಯಲ್ಲೂ ಕಂಡಿತು. ಮೇ 18ರಂದು ಆಡಳಿತ ಪಕ್ಷ ವೃದ್ಧರ ಆರೈಕೆಯ ಬಗ್ಗೆ ಹೊಸ ನಿಯಮ ಮುಂದಿಟ್ಟಿತು. ಅದುವರೆಗೆ ಮನೆಯಲ್ಲೇ ಆರೈಕೆ ಪಡೆಯುವವರ ಆಸ್ತಿ ಲೆಕ್ಕ ಹಾಕುವಾಗ ವಾಸದ ಮನೆಯ ಬೆಲೆ ಸೇರಿಸುತ್ತಿರಲಿಲ್ಲ. ಇನ್ನು ಮುಂದೆ ಅದೂ ಲೆಕ್ಕಕ್ಕೆ, ಕೊನೆಗೆ ಒಂದು ಲಕ್ಷ ಪೌಂಡ್ ಮಾತ್ರ ಉಳಿಯುವುದು ಖಾತ್ರಿ ಎಂದಿತು. ಪತ್ರಿಕೆಗಳು ಅದನ್ನು ‘ಡಿಮೆನ್ಷಿಯಾ ತೆರಿಗೆ’ ಎಂದು ಕರೆದವು. ನಮ್ಮಲ್ಲಿದ್ದ ಒಬ್ಬರ ಹೆಂಡತಿ ದಿನವೂ ಬಸ್ಸಿನಲ್ಲಿ ಬಂದು ಗಂಡನಿಗೆ ಮಧ್ಯಾಹ್ನದ ಊಟ ತಿನ್ನಿಸುತ್ತಿದ್ದರು. ಅವರಿಗೂ ಮನೆಯಲ್ಲಿ ಸಹಾಯಕಿ ಬಂದು ಹೋಗುತ್ತಿದ್ದಳು. ಆ ವಾರ ಅವರು ತಟ್ಟೆ ಕೆಳಗಿಟ್ಟು, ‘ನಾನು ಹೋದ ಮೇಲೆ ಮಗಳಿಗೆ ಮನೆ ಉಳಿಯುತ್ತದೆಯೇ?’ ಎಂದು ಕೇಳಿದರು. ನಾಲ್ಕು ದಿನ ಕಳೆಯುವುದರೊಳಗೆ ಪ್ರಧಾನಿ ಖರ್ಚಿಗೊಂದು ಮಿತಿ ಇರುತ್ತದೆ ಎಂದು ಸೇರಿಸಿದರು, ಜೊತೆಗೆ ಏನೂ ಬದಲಾಗಿಲ್ಲವೆಂದೂ ಹೇಳಿದರು. ವರ್ಷಗಟ್ಟಲೆ ಚರ್ಚಿಸಿ ಜನರನ್ನು ಜೊತೆಗೆ ಕರೆದೊಯ್ಯಬೇಕಾದ ವಿಷಯ ಅದು. ಚುನಾವಣೆಯ ಗಡಿಬಿಡಿಗೆ ಸಿಕ್ಕಿ ಹಾಳಾಯಿತು. ಇಂಗ್ಲೆಂಡಿನ ವೃದ್ಧರ ಆರೈಕೆಯ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಮೇ 22ರ ರಾತ್ರಿ ಮ್ಯಾಂಚೆಸ್ಟರ್‌ನಲ್ಲಿ ಸಂಗೀತ ಕಾರ್ಯಕ್ರಮ ಮುಗಿಸಿ ಹೊರಬರುತ್ತಿದ್ದವರ ಮೇಲೆ ಬಾಂಬ್ ದಾಳಿಯಾಗಿ 22 ಮಂದಿ ಸತ್ತರು. ಜೂನ್ 3ರಂದು ಲಂಡನ್ ಬ್ರಿಜ್ ದಾಳಿಯಲ್ಲಿ ಎಂಟು ಜನ. ಎರಡು ಸಲವೂ ಪ್ರಚಾರ ನಿಂತು ಮತ್ತೆ ಶುರುವಾಯಿತು. ಈ ದುಃಖದ ನಡುವೆಯೂ ಜನ ಮತಗಟ್ಟೆಗೆ ಬಂದರು ಎಂಬುದನ್ನು ಮರೆಯಬಾರದು. ಹೆಸರು ನೋಂದಾಯಿಸಲು ಕೊನೆಯ ದಿನ ಒಂದರಲ್ಲೇ ಆರು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಮತದಾನ ಶೇ 68 ದಾಟಿತು, 1997ರ ನಂತರ ಅಷ್ಟು ಆಗಿರಲಿಲ್ಲ. ‘ಮತ್ತೊಂದಾ?’ ಎಂದು ಗೊಣಗಿದ ಜನರೇ ಇವರು. ಬೇಸರ ಬೇರೆ, ಉದಾಸೀನ ಬೇರೆ.

ಫಲಿತಾಂಶ ಬಂದಾಗ ಪ್ರಧಾನಿ ಇದ್ದ ಬಹುಮತವನ್ನೂ ಕಳೆದುಕೊಂಡಿದ್ದರು. ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ಹತ್ತು ಸದಸ್ಯರ ಬೆಂಬಲಕ್ಕಾಗಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆ ಪ್ರಾಂತ್ಯಕ್ಕೆ ನೂರು ಕೋಟಿ ಪೌಂಡ್ ಹೆಚ್ಚುವರಿ ಅನುದಾನ ಹೋಯಿತು. ಇದೇ ಚುನಾವಣೆಯಲ್ಲಿ ಲಂಡನ್ನಿನ ಪಟ್ನಿ ಕ್ಷೇತ್ರದಲ್ಲಿ ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲರು ಲೇಬರ್ ಅಭ್ಯರ್ಥಿಯಾಗಿದ್ದರು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಲು ದುಡಿದವರು. ಸಂಪುಟ ಸಚಿವೆಯಾಗಿದ್ದ ಜಸ್ಟೀನ್ ಗ್ರೀನಿಂಗ್ ಅವರ ಎದುರು 1,554 ಮತಗಳಿಂದ ಸೋತರು. ಹಿಂದಿನ ಸಲ ಅಲ್ಲಿ ಅಂತರ ಹತ್ತು ಸಾವಿರ ಮೀರಿತ್ತು. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಭಾರತದ ಪಾಸ್‌ಪೋರ್ಟ್ ಇರುವ ನಾವೂ ಇಲ್ಲಿ ಮತ ಹಾಕಬಹುದು. ಹಾಗಾಗಿ ಈ ಲೆಕ್ಕದಲ್ಲಿ ಕನ್ನಡಿಗರ ಮತಗಳೂ ಸೇರಿವೆ.

ಅವಧಿಗೆ ಮುನ್ನ ಚುನಾವಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ನಡೆದ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ತಮ್ಮ ಪಕ್ಷಕ್ಕೆ ಜನ ಬೆಂಬಲ ಕೊಟ್ಟಿಲ್ಲವೆಂದು ರಾಜೀನಾಮೆ ಕೊಟ್ಟು, ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. ಮೇಷ್ಟ್ರಾಗಿದ್ದ ಅಪ್ಪನಿಗೆ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಎಲೆಕ್ಷನ್ ಡ್ಯೂಟಿ ಬಿತ್ತು. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಅಮ್ಮನ ತಲೆ ಮೇಲೆ. ಆದರೂ ಅಪ್ಪ ಬೇಸರದ ಮಾತಾಡಲಿಲ್ಲ. ‘ಸೋತವನು ಜನರನ್ನು ಕೇಳ್ತೀನಿ ಅಂತಿದಾನೆ, ಕೇಳಲಿ’ ಎಂದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಬಂತು. ಅದಕ್ಕೂ ಹಿಂದೆ, 1970ರ ಡಿಸೆಂಬರ್ 27ರಂದು ಇಂದಿರಾ ಗಾಂಧಿ ಅವಧಿಗೆ ಒಂದು ವರ್ಷಕ್ಕೂ ಮೊದಲೇ ಲೋಕಸಭೆ ವಿಸರ್ಜಿಸಿದರು. ಪಕ್ಷ ಒಡೆದು ಅವರ ಸರ್ಕಾರ ಅಲ್ಪಮತದಲ್ಲಿತ್ತು, ರಾಜಧನ ರದ್ದುಮಾಡುವ ಪ್ರಯತ್ನ ರಾಜ್ಯಸಭೆಯಲ್ಲೂ ಸುಪ್ರೀಂ ಕೋರ್ಟಿನಲ್ಲೂ ಬಿದ್ದುಹೋಗಿತ್ತು. ಆಗಿನ ಮೈಸೂರು ರಾಜ್ಯದ 27 ಸ್ಥಾನಗಳೂ ಅವರ ಪಕ್ಷಕ್ಕೆ ಬಂದವು. ಎರಡೂ ಕಡೆ ‘ಈಗ ಯಾಕೆ?’ ಎಂಬುದಕ್ಕೆ ಜನ ಒಪ್ಪುವ ಉತ್ತರವಿತ್ತು.

ಬ್ರಿಟನ್ ಈ ಪಾಠ ಕಲಿಯಲಿಲ್ಲ. 2019ರಲ್ಲಿ ಯಾರಿಗೂ ಬಹುಮತವಿಲ್ಲದ ಸಂಸತ್ತು ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಂತಾಗ ನಿಗದಿತ ಅವಧಿ ಕಾಯ್ದೆಯ ತೊಡಕು ಎಲ್ಲರಿಗೂ ಕಂಡದ್ದು ನಿಜ. ಆದರೆ ತೊಡಕು ಬಿಡಿಸುವ ಬದಲು 2022ರಲ್ಲಿ ಕಾಯ್ದೆಯನ್ನೇ ತೆಗೆದುಹಾಕಿದರು. ದಿನ ಗೊತ್ತುಮಾಡುವ ಅಧಿಕಾರ ಮತ್ತೆ ಪ್ರಧಾನಿಯ ಕೈಗೆ ಬಂತು, ಸದನವನ್ನು ಕೇಳಬೇಕಾಗಿಲ್ಲ. 2024ರ ಮೇ 22ರಂದು ರಿಷಿ ಸುನಕ್ ಸುರಿಯುವ ಮಳೆಯಲ್ಲಿ ನಿಂತು ಜುಲೈ 4ಕ್ಕೆ ಚುನಾವಣೆ ಘೋಷಿಸಿದರು. ಇನ್ನೂ ಎಂಟು ತಿಂಗಳು ಸಮಯವಿತ್ತು. ಆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿ ಕುಟುಂಬಗಳು ಊರು ಬಿಟ್ಟಿದ್ದವು. ಅಂಚೆ ಮತಪತ್ರ ಹೊತ್ತಿಗೆ ಬರಲಿಲ್ಲವೆಂಬ ದೂರುಗಳು ದೇಶದ ಹಲವೆಡೆಯಿಂದ ಬಂದವು. ಮತದಾನ ಶೇ 60ರ ಆಸುಪಾಸಿಗೆ ಇಳಿಯಿತು. ಅವರ ಪಕ್ಷ 121 ಸ್ಥಾನಕ್ಕೆ ಕುಸಿಯಿತು.

ಭಾರತದಲ್ಲೂ ಸಚಿವ ಸಂಪುಟದ ಸಲಹೆ ಸಾಕು, ರಾಷ್ಟ್ರಪತಿಗಳು ಲೋಕಸಭೆ ವಿಸರ್ಜಿಸುತ್ತಾರೆ. ಸದನದ ಒಪ್ಪಿಗೆ ಬೇಕಿಲ್ಲ. ಏಕಕಾಲದ ಚುನಾವಣೆಗಾಗಿ 2024ರ ಡಿಸೆಂಬರ್‌ನಲ್ಲಿ ಮಂಡನೆಯಾದ 129ನೇ ತಿದ್ದುಪಡಿ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಗಿದೆ. ಅದರಂತೆ ಅವಧಿಗೆ ಮುನ್ನ ಸದನ ವಿಸರ್ಜನೆಯಾದರೆ ಹೊಸ ಸದನಕ್ಕೆ ಸಿಗುವುದು ಉಳಿದ ಅವಧಿ ಮಾತ್ರ. ಅನುಕೂಲ ನೋಡಿ ಚುನಾವಣೆಗೆ ಹೋಗುವವರ ಆಸೆ ಇದರಿಂದ ಕಡಿಮೆಯಾಗಬಹುದು, ಅದು ಒಳ್ಳೆಯದೇ. ಆದರೆ ನಾಯಕ ಮಾಡಿದ ಅವಸರಕ್ಕೆ ಮತದಾರ ಒಂದೆರಡು ವರ್ಷದಲ್ಲೇ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅದು ನ್ಯಾಯವಲ್ಲ.

ನಾನು ಕೇಳುವುದು ಮೂರೇ ಮಾತು, ಎರಡೂ ದೇಶಗಳಿಗೆ. ಅವಧಿಗೆ ಮುನ್ನ ಚುನಾವಣೆ ಬೇಕೆನ್ನುವವರು ಕಾರಣವನ್ನು ಲಿಖಿತವಾಗಿ ಸದನದ ಮುಂದಿಡಲಿ, ಚರ್ಚೆಯಾಗಿ ಮತಕ್ಕೆ ಬರಲಿ. ಘೋಷಣೆಗೂ ಮತದಾನಕ್ಕೂ ನಡುವೆ ಕಡಿಮೆಯೆಂದರೆ ಎಂಟು ವಾರ ಇರಲಿ. ಹಾಸಿಗೆ ಹಿಡಿದವರು, ವೃದ್ಧರು, ಊರು ಬಿಟ್ಟು ದುಡಿಯುವವರು ಮತ ಹಾಕಲು ಆ ದಿನಗಳು ಸಾಲುತ್ತವೆಯೇ ಎಂದು ನೋಡಿಯೇ ದಿನ ನಿಗದಿಯಾಗಲಿ. ಓದುಗರಲ್ಲೂ ಒಂದು ವಿನಂತಿ: ಮುಂದೆ ಯಾವ ನಾಯಕರೇ ಆಗಲಿ, ಅವರು ನಿಮ್ಮ ಪಕ್ಷದವರೇ ಆಗಿರಲಿ, ಅವಧಿಗೆ ಮೊದಲೇ ಮತ ಕೇಳಲು ಬಂದರೆ ಭರವಸೆಗಳ ಪಟ್ಟಿ ಓದುವ ಮುನ್ನ ‘ಈಗ ಯಾಕೆ?’ ಎಂದು ಕೇಳಿ. ಆ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಮನೆಯಲ್ಲಿ ಕೂರಬೇಡಿ, ಮತಗಟ್ಟೆಗೆ ಹೋಗಿ ಅದನ್ನು ತಿಳಿಸಿ.