ಲೇಖಣಿಯಿಂದ ಕದ್ದರೆ ಕಳವಲ್ಲವೇ?

ಪ್ರಸಿದ್ಧರೊಬ್ಬರು ಹಣದ ಅಪರಾಧದಲ್ಲಿ ದೋಷಿಗಳೆಂದು ನ್ಯಾಯಾಲಯ ತೀರ್ಪಿತ್ತಾಗಲೆಲ್ಲ ನಮ್ಮಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಅಭಿಮಾನಿಗಳು ಅಳುತ್ತಾರೆ, ಆಗದವರು ಪಟಾಕಿ ಹೊಡೆಯುತ್ತಾರೆ. ಉಳಿದ ಬಹುಸಂಖ್ಯೆಯ ಜನ, 'ಎಲ್ಲರೂ ತಿನ್ನುವವರೇ, ಇವರು ಸಿಕ್ಕಿಬಿದ್ದರು, ಅಷ್ಟೆ' ಎಂದು ಕವಳದ ಬಟ್ಟಲು ಮುಂದೆ ಸರಿಸಿ ಬೇರೆ ವಿಷಯಕ್ಕೆ ಹೋಗುತ್ತಾರೆ. ಅಳುವವರಿಗಿಂತ, ಕುಣಿಯುವವರಿಗಿಂತ, ಹೀಗೆ ಕೈ ಕೊಡವಿಕೊಳ್ಳುವವರಿಂದಲೇ ಸಾರ್ವಜನಿಕ ಹಣಕ್ಕೆ ಹೆಚ್ಚು ಅಪಾಯವೆಂದು ನಮ್ಮ ಅಭಿಪ್ರಾಯ. ವಾರ್ಷಿಕ ಸಭೆಯ ದಿನಗಳು ಬರುವಾಗ ಸದಸ್ಯ ಬಾಂಧವರ ಮುಂದೆ ಈ ವಿಚಾರ ಇಡುವುದು ಉಚಿತವೆನಿಸಿತು.

ನಮ್ಮ ರಾಜ್ಯದ ನ್ಯಾಯಾಲಯದಲ್ಲಿಯೇ ನಡೆದ ಒಂದು ಪ್ರಕರಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇಲುಕೋಟೆಯಲ್ಲಿ ಹುಟ್ಟಿ, 1964ರ 'ಚಿನ್ನದ ಗೊಂಬೆ'ಯಂಥ ಕನ್ನಡ ಚಿತ್ರದಲ್ಲಿಯೂ ನಟಿಸಿ, ಮುಂದೆ ತಮಿಳು ಚಿತ್ರರಂಗದ ತಾರೆಯಾಗಿ, ಆ ರಾಜ್ಯದ ಮುಖ್ಯಮಂತ್ರಿಯೂ ಆದವರು ಜಯಲಲಿತಾ. ಮೊದಲ ಅವಧಿಯಲ್ಲಿ ಅವರು ಪಡೆದ ಸಂಬಳ ತಿಂಗಳಿಗೆ ಒಂದು ರೂಪಾಯಿ. 1991ರ ಜುಲೈಯಿಂದ 1996ರ ಏಪ್ರಿಲ್‌ವರೆಗಿನ ಅದೇ ಅವಧಿಯಲ್ಲಿ ಆದಾಯಕ್ಕೆ ಮೀರಿದ ಆಸ್ತಿ ಕೂಡಿತೆಂಬುದು ಆರೋಪ. ಅಲ್ಲಿ ವಿಚಾರಣೆ ನಿಷ್ಪಕ್ಷಪಾತವಾಗಿ ನಡೆಯುವುದು ಕಷ್ಟವೆಂದು 2003ರಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರು ನಾಲ್ಕು ವರ್ಷ ಸಜೆಯನ್ನೂ 100 ಕೋಟಿ ರೂಪಾಯಿ ದಂಡವನ್ನೂ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರು ಇಂಥ ತೀರ್ಪಿನಿಂದ ಸ್ಥಾನ ಕಳೆದುಕೊಂಡದ್ದು ದೇಶದಲ್ಲಿ ಅದೇ ಮೊದಲು.

ತೀರ್ಪು ಹೊರಬಿದ್ದೊಡನೆ ಆ ರಾಜ್ಯದಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು, ಗಡಿಯಲ್ಲಿ ನಮ್ಮ ಬಸ್ಸುಗಳು ನಿಂತವು. ಎರಡು ದಿನಗಳ ಬಳಿಕ ಹೊಸ ಮಂತ್ರಿಮಂಡಲ ಅಳುತ್ತಲೇ ಪ್ರಮಾಣವಚನ ತೆಗೆದುಕೊಂಡಿತು. ಚಿತ್ರರಂಗದವರು ಉಪವಾಸ ಕೂತರು. ತೀರ್ಪು ಬರೆದದ್ದು ನ್ಯಾಯಾಧೀಶರಾದರೂ ಕನ್ನಡಿಗರನ್ನೇ ಬೆದರಿಸುವ ಭಿತ್ತಿಪತ್ರಗಳು ಗೋಡೆಗೆ ಅಂಟಿದವು. ಇಷ್ಟೆಲ್ಲದರ ನಡುವೆ, ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಇದು ಬರೀ ಭಾವುಕತೆ, ಎರಡು ದಿನ ಇದ್ದು ಇಳಿಯುತ್ತದೆ ಎನ್ನುವವರು 2000ದ ಫೆಬ್ರವರಿ 2ನ್ನು ನೆನೆಯಬೇಕು. ಅಂದು ಹೋಟೆಲೊಂದರ ಕಟ್ಟಡ ಪರವಾನಗಿಯ ಬೇರೊಂದು ಪ್ರಕರಣದಲ್ಲಿ ಅವರಿಗೆ ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಧರ್ಮಪುರಿಯಲ್ಲಿ ಬೆಂಬಲಿಗರು ಒಂದು ಬಸ್ಸಿಗೆ ಬೆಂಕಿ ಹಚ್ಚಿದರು. ಅದರೊಳಗಿದ್ದವರು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಿಂದ ಅಧ್ಯಯನ ಪ್ರವಾಸ ಹೊರಟಿದ್ದ ವಿದ್ಯಾರ್ಥಿನಿಯರು. ಮೂವರು ಸುಟ್ಟು ಸತ್ತರು. ರೈತರ ತೋಟಕ್ಕೆ ಮುಂದೆ ಸಲಹೆ ಕೊಡಲು ಬರಬೇಕಾಗಿದ್ದ ಹೆಣ್ಣುಮಕ್ಕಳು ಅವರು. ಆ ಪ್ರಕರಣದಲ್ಲಿ ಜಯಲಲಿತಾ ಅವರು ಮೇಲಿನ ನ್ಯಾಯಾಲಯದಲ್ಲಿ 2001ರಲ್ಲಿ ಬಿಡುಗಡೆಯಾದರು. ಹುಡುಗಿಯರು ಮಾತ್ರ ಮರಳಿ ಬರಲಿಲ್ಲ. ಕಾನೂನಿನ ದಾರಿ ತೆರೆದೇ ಇತ್ತು, ಕಾಯುವ ತಾಳ್ಮೆ ಇರಲಿಲ್ಲ.

ಆಸ್ತಿಯ ಪ್ರಕರಣದ ಮುಂದಿನ ಕಥೆ ಲೆಕ್ಕ ಬರೆಯುವ ನಮ್ಮಂಥವರಿಗೆ ಪಾಠದಂತಿದೆ. 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಆದಾಯಕ್ಕೆ ಮೀರಿದ ಆಸ್ತಿ ಶೇಕಡಾ 8.12 ಮಾತ್ರ, ಶೇಕಡಾ 10ರೊಳಗೆ ಇದ್ದರೆ ಅಪರಾಧವೆನ್ನುವಂತಿಲ್ಲ ಎಂಬುದು ಅದರ ಲೆಕ್ಕ. ಸಿಹಿ ಹಂಚಿದ್ದೂ ಆಯಿತು. ಆದರೆ ತೀರ್ಪಿನಲ್ಲಿ ಹತ್ತು ಸಾಲಗಳ ಪಟ್ಟಿಯ ಕೆಳಗೆ ಮೊತ್ತವೆಂದು 24.17 ಕೋಟಿ ಬರೆದಿತ್ತು. ಪಟ್ಟಿಯ ಅಂಕಿಗಳನ್ನೇ ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿಯ ಈ ವ್ಯತ್ಯಾಸವನ್ನು ಸರ್ಕಾರಿ ಅಭಿಯೋಜಕ ಬಿ. ವಿ. ಆಚಾರ್ಯರು ಎತ್ತಿ ತೋರಿಸಿದರು. ಸಾಲದ ಮೊತ್ತ ಇಳಿದೊಡನೆ ಶೇಕಡಾ 8.12 ಎಂಬ ಆಧಾರವೇ ಅಲುಗಾಡಿತು. ಮೇಲ್ಮನವಿ ಕೇಳಿದ ಸುಪ್ರೀಂ ಕೋರ್ಟು 2017ರ ಫೆಬ್ರವರಿ 14ರಂದು ಡಿಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿಯಿತು. 2016ರ ಡಿಸೆಂಬರ್ 5ರಂದೇ ತೀರಿಕೊಂಡಿದ್ದ ಜಯಲಲಿತಾ ಅವರ ಮೇಲಿನ ಪ್ರಕರಣ ಅಲ್ಲಿಗೆ ನಿಂತಿತು, ಉಳಿದ ಮೂವರು ಜೈಲಿಗೆ ಹೋದರು. ಅವರಲ್ಲಿ ಶಶಿಕಲಾ ಅವರು ಶಿಕ್ಷೆ ಮುಗಿಸಿ 2021ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೊರಟಾಗ ದಾರಿಯುದ್ದಕ್ಕೂ ಹೂಮಳೆಯ ಸ್ವಾಗತ. ಬೆಂಗಳೂರಿನ ಭದ್ರತೆಯಲ್ಲಿದ್ದ ಸುಮಾರು 27 ಕಿಲೋ ಬಂಗಾರವೂ 1,526 ಎಕರೆ ಜಮೀನಿನ ಕಾಗದಪತ್ರಗಳೂ ತಮಿಳುನಾಡು ಸರ್ಕಾರದ ಕೈಸೇರಿದ್ದು 2025ರ ಫೆಬ್ರವರಿಯಲ್ಲಿ. ಆ ದಿನ ಯಾರೂ ಪಟಾಕಿ ಹೊಡೆದದ್ದು ನಮಗೆ ನೆನಪಿಲ್ಲ. ಜನರ ಆಸ್ತಿ ಜನರಿಗೆ ಮರಳಿದ ದಿನವೇ ಯಾರಿಗೂ ಸಂಭ್ರಮವಾಗಲಿಲ್ಲ.

ಇದು ಪಕ್ಕದ ರಾಜ್ಯದವರ ಸ್ವಭಾವ ಎಂದು ನಗುವ ಹಾಗಿಲ್ಲ. ನಮ್ಮ ಜಿಲ್ಲೆಯ ಬೇಲೆಕೇರಿ ಬಂದರನ್ನೇ ನೋಡೋಣ. ಅದಿರಿನ ಲಾರಿಗಳು ಸಾಲುಗಟ್ಟಿ ಅರಬೈಲ್ ಘಟ್ಟ ಇಳಿಯುತ್ತಿದ್ದುದನ್ನು ಯಲ್ಲಾಪುರದವರು ಮರೆತಿರಲಾರರು. 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಅಲ್ಲಿ ಸುಮಾರು 5 ಲಕ್ಷ ಟನ್ ಅದಿರನ್ನು ಮುಟ್ಟುಗೋಲು ಹಾಕಿತು. ಮುಂದೆ ಅದರ ದೊಡ್ಡ ಪಾಲು ಹಡಗೇರಿ ಹೋದದ್ದು ಗೊತ್ತಾಯಿತು. ಈ ಸುದ್ದಿ ಊರಿಗೆಲ್ಲ ತಿಳಿದಿದ್ದ 2013ರಲ್ಲಿ, ರಫ್ತು ವ್ಯವಹಾರದ ಆರೋಪಕ್ಕೆ ಗುರಿಯಾಗಿದ್ದ ಸತೀಶ ಸೈಲ್ ಅವರು ಪಕ್ಷೇತರರಾಗಿ ಕಾರವಾರದಿಂದ ಗೆದ್ದರು. 2018ರಲ್ಲಿ ಸೋತು, 2023ರಲ್ಲಿ ಮತ್ತೆ ಗೆದ್ದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೂ ಬಂದರು ಅಧಿಕಾರಿ ಸೇರಿ ಇತರರಿಗೂ ಶಿಕ್ಷೆ ವಿಧಿಸಿತು. ಅವರಿಗೆ ಏಳು ವರ್ಷ. ನವೆಂಬರ್‌ನಲ್ಲಿ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಮೇಲಿನ ನ್ಯಾಯಾಲಯದ ಕೆಲಸ ಅದಕ್ಕೇ ಬಿಟ್ಟದ್ದು, ಅದರಲ್ಲಿ ನಾವು ಕೈ ಹಾಕುವುದಿಲ್ಲ. ನಮ್ಮ ಪ್ರಶ್ನೆ ಮತದಾರರಿಗೆ. ಅಷ್ಟು ಅದಿರು ಹೇಗೆ ಹೋಯಿತೆಂದು ಎಷ್ಟು ಪ್ರಚಾರ ಸಭೆಗಳಲ್ಲಿ ಯಾರಾದರೂ ಎದ್ದು ಕೇಳಿದರು?

ಕೇಳದಿರುವುದಕ್ಕೆ ಕಾರಣವಿದೆ. ಅಂಗಳದಲ್ಲಿ ಒಣಗಲು ಹರಡಿದ ಚಾಲಿಯನ್ನು ರಾತ್ರಿ ಒಂದು ಚೀಲ ಹೊತ್ತುಕೊಂಡು ಹೋದವನು ಸಿಕ್ಕರೆ ಊರೇ ಸೇರುತ್ತದೆ. ಕಳೆದುಕೊಂಡವನ ಮುಖ ಎದುರಿಗಿರುತ್ತದೆ, ಕದ್ದ ಚೀಲ ಕಣ್ಣಿಗೆ ಕಾಣುತ್ತದೆ. ಆದರೆ ವಹಿಯಲ್ಲಿ ಒಂದು ಗೆರೆ ಎಳೆದು ಸಾವಿರ ಜನರಿಂದ ಸ್ವಲ್ಪಸ್ವಲ್ಪ ತೆಗೆದರೆ ಯಾರ ಅಂಗಳವೂ ಖಾಲಿಯಾದಂತೆ ಕಾಣುವುದಿಲ್ಲ. ಸಾವಿರ ಸದಸ್ಯರ ಸಂಘದಲ್ಲಿ ಹತ್ತು ಲಕ್ಷ ತಪ್ಪಿದರೆ ತಲೆಗೆ ಬೀಳುವುದು ಸಾವಿರ ರೂಪಾಯಿ. ಅಷ್ಟಕ್ಕೆ ಯಾರು ಜಗಳ ಕಾಯುತ್ತಾರೆ? ಮೇಲಾಗಿ ತೆಗೆದವನು ಜಾತ್ರೆಗೆ ವರ್ಗಣಿ ಕೊಟ್ಟವನು, ಮದುವೆ ಮನೆಯಲ್ಲಿ ಹಿರಿಯ, ಎದುರು ಬಂದರೆ ನಗುವವನು. ಕತ್ತಲಲ್ಲಿ ಬಂದವನು ಕಳ್ಳ, ಹಗಲಲ್ಲಿ ಶುಭ್ರ ಅಂಗಿ ತೊಟ್ಟು ಬಂದವನು ಗಣ್ಯ ಎಂಬ ನಮ್ಮ ಎರಡು ಅಳತೆಯ ತಕ್ಕಡಿಯೇ ಇಂಥವರಿಗೆ ರಕ್ಷೆ.

ಇದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಗಮನಿಸಬೇಕು. 'ಅವರು ಬಡವರಿಗೆ ಅಗ್ಗದ ಊಟ ಕೊಟ್ಟರು, ಇವರು ಕೇಳಿದವರಿಗೆಲ್ಲ ಸಹಾಯ ಮಾಡಿದರು' ಎನ್ನುತ್ತಾರೆ. ನಿಜವಿರಬಹುದು. ಆದರೆ ಒಳ್ಳೆಯ ಕೆಲಸದ ಜಮೆಯನ್ನು ಹಣದ ಖರ್ಚಿನ ಕಾಲಮ್ಮಿಗೆ ಎಳೆಯಲು ಯಾವ ಲೆಕ್ಕಶಾಸ್ತ್ರದಲ್ಲೂ ಬರುವುದಿಲ್ಲ. ಉಪಕಾರ ಸ್ಮರಿಸೋಣ, ಬಾಕಿ ಬಾಕಿಯಾಗಿಯೇ ಇರಲಿ. 'ಇವರನ್ನೇ ಹಿಡಿದರು, ಅವರನ್ನು ಬಿಟ್ಟರು' ಎಂಬ ಮಾತಿಗೂ ಉತ್ತರವಿದೆ. ಬಿಟ್ಟವರನ್ನು ಹಿಡಿಯಿರಿ ಎಂದು ಒತ್ತಾಯಿಸೋಣ. ಹಿಡಿದವರನ್ನು ಬಿಡಿ ಎಂಬುದು ಅದರಿಂದ ಹೊರಡುವ ತೀರ್ಮಾನವಲ್ಲ. ತೀರ್ಪು ತಪ್ಪಾಗಲಾರದೇ ಎಂದರೆ, ಆಗಬಹುದು; ಕೂಡುವ ಲೆಕ್ಕವೇ ತಪ್ಪಿದ್ದನ್ನು ಮೇಲೆ ಹೇಳಿದ್ದೇವೆ. ಅದನ್ನು ತಿದ್ದಿದ್ದು ಕಾಗದ ಹಿಡಿದು ಅಂಕಿ ಕೂಡಿ ನೋಡಿದವರು, ಕಲ್ಲು ತೂರಿದವರಲ್ಲ.

ಈ ಕಾರಣಕ್ಕೇ ವಿಷಯ ನಮ್ಮ ಸಂಘಗಳ ಬಾಗಿಲಿಗೆ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಬದುಕು ಸಹಕಾರದ ಮೇಲೆ ನಿಂತಿದೆ. ಅಡಿಕೆ, ಮೆಣಸು, ತೋಟದ ನಡುವಿನ ಕಾಫಿ, ಎಲ್ಲವೂ ಸಂಘದ ಅಂಗಳದಲ್ಲೇ ತೂಗುತ್ತವೆ. ಬೆಳೆಸಾಲ, ಠೇವಣಿ, ಮಗಳ ಮದುವೆಯ ಹಣ ಎಲ್ಲವೂ ಅಲ್ಲಿಯೇ. ಅಲ್ಲಿ ಗೆರೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರನ್ನು ಕೇಳಬೇಕು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಅವರು ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವೆಲ್ಲ ಅಲ್ಲಿಟ್ಟಿದ್ದ ವೃದ್ಧರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅತ್ತರು. ಅವರಿಗಾಗಿ ಯಾವ ಊರಲ್ಲೂ ಬಸ್ಸು ನಿಲ್ಲಲಿಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟು. ವಾರ್ಷಿಕ ವರದಿ ಮನೆಗೆ ಬಂದಾಗ ಅದನ್ನು ಬೆಲ್ಲ ಕಟ್ಟಲು ಇಡಬೇಡಿ. ಅಢಾವೆ ಪತ್ರಿಕೆಯಲ್ಲಿ ಸುಸ್ತಿ ಸಾಲ ಎಷ್ಟು, ಹೋದ ವರ್ಷಕ್ಕಿಂತ ಏರಿತೇ ಇಳಿಯಿತೇ ನೋಡಿ. ದಾಸ್ತಾನಿನ ಅಂಕಿಯನ್ನೂ ಕೈಶಿಲ್ಕನ್ನೂ ನೋಡಿ. ಲೆಕ್ಕಪರಿಶೋಧಕರ ಆಕ್ಷೇಪಣೆಗಳ ಪುಟ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಓದುವುದನ್ನು ಅಲ್ಲಿಂದಲೇ ಪ್ರಾರಂಭಿಸಿ. ಸಭೆಯಲ್ಲಿ 'ವರದಿಯನ್ನು ಓದಲಾಗಿದೆಯೆಂದು ಭಾವಿಸಲಾಯಿತು' ಎಂದಾಗ ಊಟದ ಎಲೆಯ ಕಡೆ ನೋಡದೆ ಒಂದು ಪ್ರಶ್ನೆ ಕೇಳಿ. ಕಾರ್ಯದರ್ಶಿಗಳಿಗೆ ಅದರಿಂದ ಮುಜುಗರವಾಗುತ್ತದೆಂದು ತಿಳಿಯಬೇಡಿ. ಪ್ರಶ್ನೆ ಬರುವ ಸಂಘದಲ್ಲಿ ಕೆಲಸ ಮಾಡುವವನು ರಾತ್ರಿ ನಿದ್ದೆ ಮಾಡುತ್ತಾನೆ. ತೃಪ್ತಿಕರ ಉತ್ತರ ಸಿಗದಿದ್ದರೆ ಸಹಕಾರ ಸಂಘಗಳ ಕಾಯಿದೆಯ 64ನೆಯ ಕಲಮಿನಂತೆ ವಿಚಾರಣೆ ಕೇಳುವ ದಾರಿ ಇದೆ. ವಿಚಾರಣೆ ನಡೆದರೆ ಫಲಿತಾಂಶ ಬರುವ ತನಕ ಹೆಸರು ಕೆಡಿಸುವ ಮಾತು ಬೇಡ. ಬಂದ ಮೇಲೆ 'ನಮ್ಮವನು' ಎಂಬ ಮುಲಾಜೂ ಬೇಡ. ದೋಷ ಸಿದ್ಧವಾದವನ ಹೆಂಡತಿ ಮಕ್ಕಳನ್ನು ಆಡಿಕೊಳ್ಳುವುದಂತೂ ಬೇಡವೇ ಬೇಡ. ಹಣ ಮರಳಿ ಬರಲಿ, ಶಿಕ್ಷೆ ಕಾನೂನಿನಂತೆ ಆಗಲಿ, ಅಲ್ಲಿಗೆ ಮುಗಿಯಲಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನಮ್ಮ ಹಿರಿಯರು ತೋಟದ ಬದುವಿನ ಮೇಲೆ ನಿಂತೇ ಹೇಳುತ್ತಿದ್ದರು. ಅವರು ಹೇಳಿದ್ದು ಚಿಕ್ಕ ಕಳವನ್ನು ಕುರಿತು. ಕೋಟಿಗೆ ಹೋದ ಮಾನ ಹೂವಿನ ಹಾರ ಹಾಕಿಸಿಕೊಂಡು ಮರಳಿ ಬರುವ ಕಾಲ ಬರುತ್ತದೆಂದು ಅವರು ಎಣಿಸಿರಲಿಲ್ಲ. ಹಾರ ಹಾಕುವ ಕೈಗಳು ನಮ್ಮವು. ಈ ಸಲದ ಸಭೆಗೆ ಸದಸ್ಯರು ವರದಿ ಓದಿಕೊಂಡು ಬರಬೇಕೆಂದು ಕೋರುತ್ತೇವೆ.