ಯುವ ವೇದಿಕೆ: ‘ಇನ್‌ಫರ್ನೋ’ ಯಾಕೆ ರುಚಿಸಲಿಲ್ಲ?



ರಹಸ್ಯ ಕತೆಗಳೆಂದರೆ ನಿಮಗೆ ಪ್ರಾಣ. ಡ್ಯಾನ್ ಬ್ರೌನ್ ಕಾದಂಬರಿಗಳನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆದರೆ ಅವುಗಳ ಸಿನಿಮಾಗಳ ಮಾತು ಬಂದು, ಮೂರನೆಯದಾದ ‘ಇನ್‌ಫರ್ನೋ’ ಹೆಸರೆತ್ತಿದರೆ ಸಾಕು, ನಿಮ್ಮ ಮುಖ ಸಪ್ಪಗಾಗುತ್ತದೆ! ಅದೇಕೆ ಹಾಗೆ ಎಂದು ಈ ಸಲ ಸ್ವಲ್ಪ ವಿಚಾರ ಮಾಡೋಣ. ಚಿತ್ರ ನೋಡದವರು ಕ್ಷಮಿಸಬೇಕು, ಕೊನೆಯ ಗುಟ್ಟನ್ನು ಇಲ್ಲಿ ಬಿಚ್ಚದೆ ವಿಧಿಯಿಲ್ಲ.

2006ರಲ್ಲಿ ‘ದ ಡಾ ವಿಂಚಿ ಕೋಡ್’ ಬಂದಾಗ ನಮ್ಮ ಮುಂಬಯಿಯಲ್ಲಿ ಎಷ್ಟು ಗದ್ದಲ! ಕ್ರೈಸ್ತ ಸಂಘಟನೆಗಳು ಪ್ರತಿಭಟಿಸಿದವು. ಸೆನ್ಸಾರ್ ಮಂಡಳಿ ‘ಎ’ ಪ್ರಮಾಣಪತ್ರ ಕೊಟ್ಟು, ಇದು ಕಲ್ಪಿತ ಕತೆ ಎಂಬ ಸೂಚನೆಯನ್ನೂ ಹಾಕಿಸಿತು. 2009ರಲ್ಲಿ ‘ಏಂಜೆಲ್ಸ್ ಅಂಡ್ ಡೀಮನ್ಸ್’, 2016ರಲ್ಲಿ ‘ಇನ್‌ಫರ್ನೋ’. ಮೂರಕ್ಕೂ ರಾನ್ ಹೊವರ್ಡ್ ಅವರೇ ನಿರ್ದೇಶಕರು, ಟಾಮ್ ಹ್ಯಾಂಕ್ಸ್ ಅವರೇ ನಾಯಕ. ಆದರೆ ಜಗತ್ತಿನಾದ್ಯಂತ ಮೊದಲನೆಯದು ಸುಮಾರು 76 ಕೋಟಿ ಡಾಲರ್ ಗಳಿಸಿದರೆ, ಎರಡನೆಯದು 48 ಕೋಟಿ, ಮೂರನೆಯದು ಬರೇ 22 ಕೋಟಿ. ಪ್ರೇಕ್ಷಕರ ಅಭಿಪ್ರಾಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಿಮ್ಮ ಬಾಯಿಂದ ಕೇಳಿಬರುವ ಮಾತುಗಳು ಮೂರು ಬಗೆಯವು. ಪುಸ್ತಕ ಓದದವರು, “ಬರೀ ಓಟ, ತಲೆಬುಡ ತಿಳಿಯಲಿಲ್ಲ” ಎನ್ನುತ್ತೀರಿ. ಓದಿದವರು, “ಪುಸ್ತಕದಂತೆ ಇಲ್ಲವೇ ಇಲ್ಲ” ಎಂದು ಸಿಡಿಮಿಡಿಗೊಳ್ಳುತ್ತೀರಿ. ಇನ್ನು ಕೆಲವರಿಗೆ ನಮ್ಮ ಇರ್ಫಾನ್ ಖಾನ್ ತೆರೆಗೆ ಬಂದಷ್ಟು ಹೊತ್ತು ಮಾತ್ರ ಹಣ ವಸೂಲು. ಮೂರನೆಯ ಮಾತಿಗೆ ನನ್ನದೂ ಪೂರ್ಣ ಸಮ್ಮತಿ. ಅಂಥ ನಟ 2020ರಲ್ಲಿ ನಮ್ಮನ್ನಗಲಿದ್ದು ದೊಡ್ಡ ನಷ್ಟವೇ ಸರಿ.

ಆದರೆ “ಪುಸ್ತಕದಂತಿಲ್ಲ” ಎಂಬ ದೂರು ಸಾಲದು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ತೆಗೆದರು. ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ಹೇಳಿದ್ದಾಗಿ ಈಗಲೂ ಜನ ನೆನೆಯುತ್ತಾರೆ. ಆದರೂ ಕನ್ನಡಿಗರು ರಾಮಾಚಾರಿಯನ್ನೂ ಚಾಮಯ್ಯ ಮೇಷ್ಟ್ರನ್ನೂ ಇಂದಿಗೂ ಮರೆತಿಲ್ಲ. ಅಂದರೆ ಬದಲಾವಣೆಯೇ ತಪ್ಪಲ್ಲ. ಬದಲಿಸಿದ ಮೇಲೆ ಕತೆಯ ಜೀವ ಉಳಿಯಿತೇ ಎಂಬುದು ಪ್ರಶ್ನೆ.

‘ಇನ್‌ಫರ್ನೋ’ದಲ್ಲಿ ಹೋದದ್ದು ಆ ಜೀವವೇ. ಜನಸಂಖ್ಯೆ ಮಿತಿಮೀರಿತೆಂದು ಹೆದರಿದ ಧನಿಕ ವಿಜ್ಞಾನಿಯೊಬ್ಬ ವೈರಸ್ ಸೃಷ್ಟಿಸುತ್ತಾನೆ. ಚಿತ್ರದಲ್ಲಿ ಅದು ಕೊಲ್ಲುವ ರೋಗ. ಇಸ್ತಾಂಬುಲ್‌ನ ನೆಲಮಾಳಿಗೆಯ ಪುರಾತನ ಜಲಾಗಾರದಲ್ಲಿ ಹೊಡೆದಾಟ ನಡೆದು, ಕೊನೆಯ ಗಳಿಗೆಯಲ್ಲಿ ಲೋಕ ಉಳಿಯುತ್ತದೆ. ಇಂಥದ್ದನ್ನು ನಾವು ನೂರು ಸಲ ನೋಡಿದ್ದೇವೆ. 2013ರ ಕಾದಂಬರಿಯಲ್ಲಿ ಹಾಗಲ್ಲ. ನಾಯಕ ತಲುಪುವಷ್ಟರಲ್ಲಿ ವೈರಸ್ ಹರಡಿಯಾಗಿದೆ. ಯಾರೂ ಸಾಯುವುದಿಲ್ಲ, ಆದರೆ ಮನುಕುಲದ ಮೂರರಲ್ಲೊಂದು ಪಾಲಿಗೆ ಇನ್ನು ಮಕ್ಕಳಾಗುವುದಿಲ್ಲ. ಒಬ್ಬನು ಯಾರನ್ನೂ ಕೇಳದೆ ಎಲ್ಲರ ಪರವಾಗಿ ತೀರ್ಮಾನ ಮಾಡಬಹುದೇ? ಪುಸ್ತಕ ಮುಚ್ಚಿದ ಮೇಲೂ ಕಾಡುವ ಈ ಪ್ರಶ್ನೆಯನ್ನು ಚಿತ್ರ ಕೈಬಿಟ್ಟಿತು.

ಇದೆಲ್ಲ ಪರದೇಶದ ಕಟ್ಟುಕತೆ ಎಂದುಕೊಳ್ಳಬೇಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷ, ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಬಲವಂತದವು. ಮೂರು ಮಕ್ಕಳಾದ ಮೇಲೆ ಈ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯ ಮಾಡುವ ಮಸೂದೆಯನ್ನು ನಮ್ಮ ಮಹಾರಾಷ್ಟ್ರದ ಶಾಸನ ಸಭೆಯೇ 1976ರಲ್ಲಿ ಅಂಗೀಕರಿಸಿತ್ತು! ರಾಷ್ಟ್ರಪತಿಗಳ ಒಪ್ಪಿಗೆ ಸಿಗದೆ ಅದು ಕಾಯ್ದೆಯಾಗಲಿಲ್ಲ, ಅಷ್ಟೆ. ಡ್ಯಾನ್ ಬ್ರೌನ್ ಕಲ್ಪಿಸಿಕೊಂಡ ಭಯವನ್ನು ನಿಮ್ಮ ಅಜ್ಜ–ಅಜ್ಜಿಯರು ಇದೇ ಊರಿನಲ್ಲಿ ಕಣ್ಣಾರೆ ಕಂಡಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎರಡೇ ಮಕ್ಕಳು. ಹೆಣ್ಣುಮಕ್ಕಳು ಓದಿದರು, ತಮ್ಮ ಸಂಸಾರದ ತೀರ್ಮಾನವನ್ನು ತಾವೇ ಮಾಡತೊಡಗಿದರು. ಆ ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವುದಿದೆ? ಚಿತ್ರ ಪ್ರಶ್ನೆಯನ್ನೇ ಕೇಳಲಿಲ್ಲವಾದ್ದರಿಂದ, ಉತ್ತರ ಹುಡುಕುವ ಅವಕಾಶವೂ ನಮಗೆ ತಪ್ಪಿತು.

ಆದ್ದರಿಂದ ಮಿತ್ರರೇ, ಚಿತ್ರ ಹಿಡಿಸದಿದ್ದರೆ “ಬೋರ್” ಎಂದು ಕೈತೊಳೆದುಕೊಳ್ಳಬೇಡಿ. ಯಾವುದು ಹೋಯಿತು, ಹೋದದ್ದರಿಂದ ನಮಗೇನು ನಷ್ಟ ಎಂದು ಹೇಳಲು ಕಲಿಯಿರಿ. ನಿಮಗೆ ನಿರಾಸೆ ತಂದ ಚಿತ್ರವೊಂದರ ಬಗ್ಗೆ ಹತ್ತು ಸಾಲು ನಮಗೆ ಬರೆದು ಕಳುಹಿಸಿ. ಕನ್ನಡ ಬರೆಯಲು ಕೈ ತಡವರಿಸಿದರೆ ಚಿಂತೆಯಿಲ್ಲ, ನೀವು ಹೇಳುತ್ತಾ ಹೋಗಿ, ಅಜ್ಜಿ ಬರೆದುಕೊಳ್ಳಲಿ. ಹಾಗೇ ನಡುವೆ ಒಮ್ಮೆ, 1976ರ ಕತೆಯೇನೆಂದು ಅವರನ್ನೂ ಕೇಳಿ. ಅದು ಯಾವ ಥ್ರಿಲ್ಲರಿಗೂ ಕಡಿಮೆಯಿಲ್ಲ!