‘ಕನಸುಗಾರ’ ಎಂದು ಕರೆಯುವವರು ಯಾರು?

ಪುಲಿಕೇಶಿಯ ರಾಜ್ಯದ ಬಗ್ಗೆ ಬರೆದಿಟ್ಟ ಚೀನೀ ಯಾತ್ರಿಕನೆಂದೇ ಹ್ಯೂಯೆನ್‌ತ್ಸಾಂಗ್ ನಮಗೆ ಪರಿಚಿತ. ಆತನ ಹೆಸರಿನಲ್ಲಿರುವ, 7ನೇ ಶತಮಾನದ ‘ಹೃದಯ ಸೂತ್ರ’ದ ಚೀನೀ ಅನುವಾದದಲ್ಲಿ ‘ಮೆಂಗ್‌ಶ್ಯಾಂಗ್’ ಎಂಬ ಪದವಿದೆ. ಮೆಂಗ್ ಎಂದರೆ ಕನಸು, ಶ್ಯಾಂಗ್ ಎಂದರೆ ಯೋಚನೆ. ಬೋಧಿಸತ್ವನು ದಾಟಿ ಹೋಗಬೇಕಾದ ಭ್ರಮೆ ಎಂಬುದು ಅಲ್ಲಿ ಅದರ ಅರ್ಥ. ಇಂದು ಚೀನಾದ ಶಾಲಾ ಮಕ್ಕಳು ತಮ್ಮ ಜೀವನದ ಹಂಬಲವನ್ನು ಅದೇ ಪದದಿಂದ ಹೇಳುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರು 1963ರಲ್ಲಿ ಕಂಡ ಕನಸು ಚೀನೀ ಭಾಷೆಗೆ ಬಂದದ್ದೂ ಇದೇ ಪದದಲ್ಲಿ.

ಕನಸುಗಾರನನ್ನು ಸೂಚಿಸಲು ಚೀನೀ ಮತ್ತು ಜಪಾನಿ ಭಾಷೆಗಳು ಒಂದೇ ಅಕ್ಷರಗಳನ್ನು ಬಳಸುತ್ತವೆ. ಚೀನಾದ ‘ಮೆಂಗ್‌ಶ್ಯಾಂಗ್‌ಜಿಯಾ’ ಜಪಾನಿನಲ್ಲಿ ‘ಮುಸೋಕಾ’. ಇದರಲ್ಲಿ ಪ್ರೀತಿಯ ಜೊತೆಗೆ ಒಂದಿಷ್ಟು ಲೇವಡಿಯೂ ಇದೆ. ‘ಕೂಸೋಕಾ’ ಎಂದರಂತೂ ಅದು ನೇರ ಬೈಗುಳಕ್ಕೆ ಸಮೀಪ; ಬರಿದೇ ಯೋಚಿಸುವವನು ಎಂದರ್ಥ. ಬೌದ್ಧರು ‘ಶೂನ್ಯ’ಕ್ಕೆ ಆರಿಸಿಕೊಂಡ ಅಕ್ಷರವೇ ಇಲ್ಲಿ ನಿಂದೆಗೆ ಒದಗಿದೆ! ಇನ್ನು ‘ಆದರ್ಶ’ ಎಂಬ ಪಾಶ್ಚಾತ್ಯ ಪರಿಕಲ್ಪನೆಗೆ ಮೇಜಿ ಯುಗದ ವಿದ್ವಾಂಸ ನಿಶಿ ಅಮಾನೆ ‘ರಿಸೋ’ ಎಂಬ ಪದವನ್ನು ಟಂಕಿಸಿದರು. ತರ್ಕಬದ್ಧವಾದ ಯೋಚನೆ ಎಂಬ ಧ್ವನಿ ಅದಕ್ಕಿದೆ. ಚೀನಾ ಅದನ್ನು ಎರವಲು ಪಡೆಯಿತು.

ಮೂರರಲ್ಲಿಯೂ ಯೋಚನೆಯ ಅಕ್ಷರ ಒಂದೇ. ಅದರ ಹಿಂದೆ ಸೇರುವುದು ಕನಸೋ, ಶೂನ್ಯವೋ, ತರ್ಕವೋ ಎಂಬುದರ ಮೇಲೆ ವ್ಯಕ್ತಿಯ ಯೋಗ್ಯತೆ ನಿರ್ಧಾರವಾಗುತ್ತದೆ. ಸೇಂಟ್ ಸೈಮನ್, ಫೂರಿಯೆ, ಓವೆನ್ ಅವರ ಸಮಾಜವಾದಕ್ಕೆ ಈ ಎರಡು ಭಾಷೆಗಳೂ ‘ಶೂನ್ಯ’ದ ಅಕ್ಷರವನ್ನೇ ಅಂಟಿಸಿದವು. ಸಹಕಾರ ಚಳವಳಿಗೆ ಸ್ಫೂರ್ತಿಯಾದ ಓವೆನ್ ಬರಿದೇ ಯೋಚಿಸಿದವರು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನಂತೂ ಒಪ್ಪಲಾರೆ.

ಮುಂದಿನದನ್ನು ಕಾಣಬಲ್ಲವನ ಗುಣಕ್ಕೆ ಬೇರೆಯೇ ನುಡಿಗಟ್ಟಿದೆ: ಚೀನಾದಲ್ಲಿ ‘ಶಿಯೆನ್‌ಜಿಯೆನ್ ಜಿ ಮಿಂಗ್’, ಜಪಾನಿನಲ್ಲಿ ‘ಸೆನ್‌ಕೆನ್ ನೊ ಮೇ’. ಮೊದಲೇ ಕಾಣುವ ಬೆಳಕು ಎಂದರ್ಥ. ಇದು ಹುಟ್ಟಿದ್ದು ಪ್ರಶಂಸೆಯಿಂದಲ್ಲ, ಒಬ್ಬ ತಂದೆಯ ಸಂಕಟದಿಂದ. ಹಾನ್ ಸಾಮ್ರಾಜ್ಯದ ಕೊನೆಗಾಲದಲ್ಲಿ ತ್ಸಾವೊ ತ್ಸಾವೊ ಎಂಬ ಪ್ರಬಲ ದಳಪತಿ ಯಾಂಗ್ ಬಿಯಾವೊ ಎಂಬ ಹಿರಿಯನ ಮಗನನ್ನು ಕೊಲ್ಲಿಸಿದ. ಆಮೇಲೆ, ಇಷ್ಟೇಕೆ ಕೃಶನಾಗಿದ್ದೀಯೆ ಎಂದು ಆತನನ್ನೇ ಕೇಳಿದ. ಮುಂದಾಗುವುದನ್ನು ಕಾಣುವ ಬೆಳಕು ತನ್ನಲ್ಲಿರಲಿಲ್ಲ, ಮುದಿ ಹಸುವಿಗೆ ಕರುವಿನ ಮೇಲಿರುವ ಪ್ರೀತಿ ಮಾತ್ರ ಉಳಿದಿದೆ ಎಂಬ ಅರ್ಥದ ಉತ್ತರ ಬಂತು.

ಸನ್ ಯಾತ್ ಸೆನ್ ಅವರು ಮೆನ್ಷಿಯಸ್‌ನ ಮಾತನ್ನು ವಿಸ್ತರಿಸಿ ಮನುಷ್ಯರನ್ನು ಮೊದಲೇ ಅರಿಯುವವರು, ತಡವಾಗಿ ಅರಿಯುವವರು, ಅರಿಯದೇ ಇರುವವರು ಎಂದು ಮೂರಾಗಿ ವಿಂಗಡಿಸಿದರು. ಆಡಳಿತಗಾರರಿಗೆ ಬಹಳ ಹಿತವಾದ ವರ್ಗೀಕರಣವಿದು, ಏಕೆಂದರೆ ಯಾವ ಆಡಳಿತಗಾರನೂ ತನ್ನನ್ನು ಮೂರನೆಯ ಸಾಲಿನಲ್ಲಿ ಕೂರಿಸಿಕೊಳ್ಳುವುದಿಲ್ಲ.

ಅರ್ಥಶಾಸ್ತ್ರಜ್ಞ ಮಾ ಯಿನ್‌ಚು ಅವರ ಪಾಡನ್ನೇ ನೋಡಿ. ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅವರು, ಜನಸಂಖ್ಯೆ ಇದೇ ವೇಗದಲ್ಲಿ ಬೆಳೆದರೆ ಬಂಡವಾಳ ಸಂಚಯಕ್ಕೆ ಏನೂ ಉಳಿಯದು ಎಂದು 1957ರಲ್ಲಿ ಎಚ್ಚರಿಸಿದರು. ಮಾಲ್ಥಸ್‌ನ ಅನುಯಾಯಿ ಎಂಬ ಹಣೆಪಟ್ಟಿ ಬಿತ್ತು. 1960ರಲ್ಲಿ ಹುದ್ದೆ ಹೋಯಿತು. ಅವರು ಬಯಸಿದ್ದು ಕುಟುಂಬಕ್ಕೆ ಎರಡು ಮಕ್ಕಳನ್ನು. 1979ರಲ್ಲಿ ಅವರಿಗೆ ಗೌರವ ಮರಳಿ ಸಂದಾಗ ಅವರ ವಯಸ್ಸು ತೊಂಬತ್ತೇಳರ ಆಸುಪಾಸು. ಮರುವರ್ಷವೇ ಸರ್ಕಾರ ಒಂದೇ ಮಗು ಎಂದಿತು. ಆ ನೀತಿ 2015ರವರೆಗೂ ಉಳಿಯಿತು. 2022ರಲ್ಲಿ ದೇಶದ ಜನಸಂಖ್ಯೆಯೇ ಇಳಿಮುಖವಾಯಿತು. ದಾರ್ಶನಿಕನನ್ನು ಮೊದಲು ತುಳಿದ ಪ್ರಭುತ್ವ, ಬಳಿಕ ಅವನನ್ನು ಹೊಗಳುತ್ತಲೇ ಅವನ ಮಾತನ್ನು ಮೀರಿತು.

2012ರ ನವೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ‘ಚೀನೀ ಕನಸು’ ಎಂಬ ಘೋಷಣೆ ನೀಡಿದರು. ಕನಸು ಕಾಣುವ ಕೆಲಸವನ್ನೂ ಹೀಗೆ ರಾಷ್ಟ್ರವೇ ವಹಿಸಿಕೊಂಡಿತು. ಒಂಬತ್ತು ವರ್ಷಗಳ ನಂತರ ಅಲ್ಲಿನ ಯುವಜನರಲ್ಲಿ ಹಬ್ಬಿದ ಪದ ‘ತಾಂಗ್‌ಪಿಂಗ್’. ಸುಮ್ಮನೆ ಅಂಗಾತ ಮಲಗಿಬಿಡುವುದು ಎಂದಷ್ಟೇ ಅದರ ಅರ್ಥ. ಅದರಲ್ಲಿ ಕನಸಿನ ಅಕ್ಷರವಿಲ್ಲ.